ಆಮೆ ಅರವತ್ತು ಡಿಗ್ರಿ ತಿರುಗಿದರೆ ತ್ರಿಭುಜ ಆಗಲ್ಲ

ಪೋಷಕರ ಸಭೆಯಲ್ಲಿ ನನಗೆ ಪ್ರತಿ ವರ್ಷ ಒಂದೇ ಬೇಡಿಕೆ. "ಮೇಡಂ, ಥಿಯರಂ ಎಲ್ಲಾ ಚೆನ್ನಾಗಿ ಬಾಯಿಪಾಠ ಮಾಡಿಸಿಬಿಡಿ." ಕಂಪ್ಯೂಟರ್ ಮಾತು ಬಂದರೆ, "ಪ್ರೋಗ್ರಾಂ ಎಲ್ಲಾ ನೋಟ್ಸಿನಲ್ಲಿ ಬರೆಸಿದ್ದೀರಲ್ವಾ?" ಹಾಸನದ ಹೈಸ್ಕೂಲಿನಲ್ಲಿ ನಾನು ಎರಡನ್ನೂ ಕಲಿಸುತ್ತೇನೆ. ಬೆಳಿಗ್ಗೆ ರೇಖಾಗಣಿತ, ಊಟ ಆದಮೇಲೆ ಲ್ಯಾಬ್. ಬೆಳಿಗ್ಗೆ ಬಾಯಿಪಾಠದಲ್ಲಿ ಗೆದ್ದ ಮಗು ಮಧ್ಯಾಹ್ನ ಲ್ಯಾಬಿನಲ್ಲಿ ಮಕಾಡೆ ಮಲಗುವುದನ್ನು ನೋಡಿ ನೋಡಿ ಸಾಕಾಗಿದೆ.

ಒಂಬತ್ತನೇ ತರಗತಿಗೆ ಹೋಗಿ ಕೇಳಿ, ಸಮಬಾಹು ತ್ರಿಭುಜದ ಒಂದು ಕೋನ ಎಷ್ಟು? "ಅರವತ್ತು!" ಹೆಂಚು ಹಾರಿಹೋಗಬೇಕು, ಅಷ್ಟು ಜೋರು. ಅದೇ ಮಕ್ಕಳನ್ನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಟರ್ಟಲ್, ಅಂದರೆ ಪರದೆ ಮೇಲಿನ ಆಮೆಯ ಮುಂದೆ ಕೂರಿಸಿ. ಆ ಪುಟ್ಟ ಆಮೆ ಹೇಳಿದಷ್ಟು ಮುಂದೆ ಹೋಗುತ್ತದೆ, ಹೇಳಿದಷ್ಟು ತಿರುಗುತ್ತದೆ, ಹೋದ ದಾರಿಯಲ್ಲಿ ಗೆರೆ ಎಳೆಯುತ್ತದೆ. ನೂರು ಮುಂದೆ, ಅರವತ್ತು ಎಡಕ್ಕೆ, ಹೀಗೆ ಮೂರು ಸಲ. ಗೆರೆ ಸೇರುವುದೇ ಇಲ್ಲ. ಪರದೆ ಮೇಲೆ ಅರ್ಧ ಷಡ್ಭುಜ ಬಾಯಿ ತೆರೆದುಕೊಂಡು ನಿಂತಿರುತ್ತದೆ. "ಮಿಸ್, ಈ ಕಂಪ್ಯೂಟರ್ ಹಾಳಾಗಿದೆ."

ಹಾಳಾಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ನಾನು ಕಾರಿಡಾರಿನಲ್ಲಿ ಚಾಕ್‌ಪೀಸಿನಿಂದ ದೊಡ್ಡ ತ್ರಿಭುಜ ಬರೆದು, ಒಬ್ಬರನ್ನು ಗೆರೆ ಮೇಲೆ ನಡೆಸುತ್ತೇನೆ. ಮೂಲೆಗೆ ಬಂದು ನಿಂತಾಗ ಮುಖ ಎತ್ತ ಕಡೆ ಇದೆ? ಬಂದ ದಿಕ್ಕಿಗೇ, ನೇರ ಮುಂದಕ್ಕೆ. ಅಲ್ಲಿಂದ ಎರಡನೇ ಗೆರೆ ಕಡೆ ಮುಖ ಮಾಡಲು ಎಷ್ಟು ತಿರುಗಬೇಕು? 180ರಲ್ಲಿ 60 ಕಳೆಯಿರಿ, 120. ಅರವತ್ತು ಅನ್ನುವುದು ಎರಡು ಗೆರೆಗಳ ನಡುವೆ, ಒಳಗಡೆ ಇರುವ ಕೋನ. ಆಮೆ ತಿರುಗುವುದು ತಾನು ಹೋಗುತ್ತಿದ್ದ ದಿಕ್ಕಿನಿಂದ. ಅದು ಬಾಹ್ಯಕೋನ. ಮೂರು ಮೂಲೆ ತಿರುಗಿದರೆ 360, ಹೊರಟ ದಿಕ್ಕಿಗೇ ವಾಪಸ್. "ಬಾಹ್ಯಕೋನಗಳ ಮೊತ್ತ 360" ಅಂತ ಬೆಳಿಗ್ಗೆ ಒಪ್ಪಿಸಿದ್ದು ಇದನ್ನೇ ಅಲ್ವಾ?

ನಿಜವಾದ ತರಲೆ ಚೌಕದ್ದು. ಅದರ ಒಳಕೋನವೂ 90, ಬಾಹ್ಯಕೋನವೂ 90. ತಪ್ಪು ತಿಳಿದುಕೊಂಡಿದ್ದರೂ ಚೌಕ ಸರಿಯಾಗಿ ಬಂದುಬಿಡುತ್ತದೆ! ಹಾಗಾಗಿ ನಾನು ಚೌಕದಿಂದ ಶುರು ಮಾಡುವುದೇ ಇಲ್ಲ. ಬೇರೆ ಶಿಕ್ಷಕರು ಒಪ್ಪದೇ ಇರಬಹುದು.

ಅರಸೀಕೆರೆ ಕಡೆಯಿಂದ ಬರುವ ಹುಡುಗನೊಬ್ಬನಿದ್ದ. ಥಿಯರಂ ಒಪ್ಪಿಸಲು ನಿಂತರೆ ತೊದಲುತ್ತಿದ್ದ. ಅವನಿಗೆ ತನ್ನೂರಿನ ಹೊಯ್ಸಳರ ಈಶ್ವರ ದೇವಸ್ಥಾನದ ಹದಿನಾರು ಮೂಲೆಯ ನಕ್ಷತ್ರವನ್ನು ಆಮೆ ಕೈಲಿ ಬರೆಸುವ ಆಸೆ. ನಾಲ್ಕು ಚೌಕಕ್ಕೆ ಹದಿನಾರು ಮೂಲೆ, ಒಂದೊಂದನ್ನೂ 22.5 ಡಿಗ್ರಿ ತಿರುಗಿಸು ಅಂದೆ. ಬರೆದ. ಚೌಕಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಆಮೆ ತಿರುಗಿದ್ದು ಚೌಕದ ಮೂಲೆಯಲ್ಲಿ, ನಡುವಿನಲ್ಲಿ ಅಲ್ಲ. ಗೊಣಗಿಕೊಂಡು ಮನೆಗೆ ಹೋದವನು ಮಾರನೇ ದಿನ ಬಂದು, ಪ್ರತಿ ಸಲವೂ ಆಮೆಯನ್ನು ನಡುವಿಗೆ ತಂದು ತಿರುಗಿಸಿ, ಗೆರೆ ಬೀಳದ ಹಾಗೆ ಪೆನ್ ಎತ್ತಿಸಿ ಮೂಲೆಗೆ ಕಳಿಸಿ, ಅಲ್ಲಿಂದ ಗೆರೆ ಶುರು ಮಾಡಿಸಿದ. ಬಂತು ನಕ್ಷತ್ರ. ಯಾರೂ ಹೇಳಿಕೊಟ್ಟಿರಲಿಲ್ಲ. ಟೆಸ್ಟಿನಲ್ಲಿ ಅವನಿಗೆ ಎಷ್ಟು ಬಂತು ಅಂತ ಮಾತ್ರ ಕೇಳಬೇಡಿ.

ಬಾಯಿಪಾಠ ಬೇಡವೇ ಬೇಡ ಅನ್ನುತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಕ್ರಮವಾಗಿ ಬರೆಯಬೇಕು, ಅದಕ್ಕೆ ಒಂದಿಷ್ಟು ನೆನಪು ಬೇಕೇ ಬೇಕು. ಆದರೆ ಮನೆಯಲ್ಲಿ ಪರೀಕ್ಷೆ ಮಾಡುವಾಗ ಸುಮ್ನೆ ಒಪ್ಪಿಸಿಕೊಳ್ಳಬೇಡಿ. ತ್ರಿಭುಜಕ್ಕೆ ಎಬಿಸಿ ಬದಲು ಕೆಎಲ್‌ಎಂ ಅಂತ ಹೆಸರಿಡಿ, ಚಿತ್ರವನ್ನು ತಲೆಕೆಳಗು ಮಾಡಿ ಕೊಡಿ. ಆಗಲೂ ಬರೆದರೆ ಮುಂದಿನ ಸಭೆಯಲ್ಲಿ ನಾವಿಬ್ಬರೂ ಬೇರೆ ವಿಷಯ ಮಾತಾಡಬಹುದು.