ಮಾಸ್ಕ್ ಯಾರ ರಕ್ಷಣೆಗೆ? ನೂರು ವರ್ಷ ಹಳೆಯ ತಕರಾರು

ಮಾಸ್ಕ್‌ನಿಂದ ಪ್ರಯೋಜನ ಉಂಟೋ ಇಲ್ಲವೋ ಎಂಬ ವಾದ ಕೋವಿಡ್ ಅಬ್ಬರ ಇಳಿದ ಮೇಲೂ ಮುಗಿದಿಲ್ಲ. ಮುಗಿಯುವುದು ಕಷ್ಟವೂ ಹೌದು. ವಾದಕ್ಕಿಳಿದ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಹಾಕಿಕೊಂಡವರ ಸೋಂಕು ಎದುರಿನವರಿಗೆ ಹೋಗದಂತೆ ತಡೆಯುವುದು ಒಂದು ಕೆಲಸ. ಎದುರಿನವರ ಸೋಂಕು ಹಾಕಿಕೊಂಡವರ ಮೂಗಿಗೆ ಬಾರದಂತೆ ತಡೆಯುವುದು ಇನ್ನೊಂದು. ಎರಡನೆಯದು ಬಹಳ ಕಠಿಣ.

ಶುರುವಾದದ್ದು ಮೊದಲನೆಯದರಿಂದ. ಮಾತಾಡುವಾಗ ಬಾಯಿಂದ ಸಿಡಿಯುವ ಹನಿಗಳಲ್ಲಿ ರೋಗಾಣುಗಳಿರುತ್ತವೆ ಎಂದು ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಫ್ಲೂಗೆ ಎಂಬ ವಿಜ್ಞಾನಿ ತೋರಿಸಿದ್ದರು. 1897ರಲ್ಲಿ ಅದೇ ಊರಿನ ಶಸ್ತ್ರವೈದ್ಯ ಯೋಹಾನ್ ಮಿಕುಲಿಚ್ ಒಂದು ಪದರದ ಗಾಜ್ ಬಟ್ಟೆಯನ್ನು (ಗಾಯಕ್ಕೆ ಕಟ್ಟುವ, ಜಾಲರಿಯಂಥ ತೆಳು ಬಟ್ಟೆ) ಮುಖಕ್ಕೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಕಾಪಾಡಬೇಕಿದ್ದದ್ದು ರೋಗಿಯ ಗಾಯವನ್ನು, ವೈದ್ಯರನ್ನಲ್ಲ.

ಮಾಸ್ಕನ್ನು ಹಾಕಿಕೊಂಡವರ ರಕ್ಷಣೆಗೆ ತಿರುಗಿಸಿದವರು ಈಗಿನ ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಡಾ. ವು ಲೀನ್‌-ತೆ. 1910ರ ಕೊನೆಯಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಪ್ಲೇಗ್ ಹಬ್ಬಿದಾಗ ಚೀನಾ ಸರ್ಕಾರ ಅವರನ್ನು ಅಲ್ಲಿನ ಹಾರ್ಬಿನ್‌ಗೆ ಕಳಿಸಿತು. ಇದು ಇಲಿ, ಚಿಗಟಗಳಿಂದ ಬರುವ ಪ್ಲೇಗ್ ಅಲ್ಲ, ಶ್ವಾಸಕೋಶದ್ದು, ಉಸಿರಿನಿಂದಲೇ ಹರಡುತ್ತದೆ ಎಂದು ಅವರು ತೀರ್ಮಾನಿಸಿದರು. ಗಾಜ್ ಪದರಗಳ ನಡುವೆ ಹತ್ತಿ ಇಟ್ಟು, ಎರಡೂ ತುದಿ ಸೀಳಿ, ತಲೆಯ ಹಿಂದೆ ಬಿಗಿಯಾಗಿ ಕಟ್ಟುವ ಮಾಸ್ಕ್ ಮಾಡಿಸಿ ವೈದ್ಯರಿಗೂ ಶವ ಸಾಗಿಸುವವರಿಗೂ ಕೊಟ್ಟರು. ಫ್ರೆಂಚ್ ವೈದ್ಯ ಮೆನಿ ಅದನ್ನು ನಂಬಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ಪರೀಕ್ಷಿಸಿದ ಅವರು 1911ರ ಜನವರಿಯಲ್ಲಿ ಅದೇ ಪ್ಲೇಗ್‌ಗೆ ಬಲಿಯಾದರು. ಆ ಪಿಡುಗಿನಲ್ಲಿ ಸತ್ತವರು ಸುಮಾರು 60,000.

1918ರ ಫ್ಲೂ ಬಂದಾಗ ಮಾಸ್ಕ್ ಆಸ್ಪತ್ರೆಯಿಂದ ಬೀದಿಗೆ ಬಂತು, ಜೊತೆಗೆ ದಂಡವೂ ಬಂತು. ಸ್ಯಾನ್ ಫ್ರಾನ್ಸಿಸ್ಕೊ ನಗರ ಅಕ್ಟೋಬರ್ ಕೊನೆಯಲ್ಲಿ ಮಾಸ್ಕ್ ಕಡ್ಡಾಯ ಮಾಡಿ, ನವೆಂಬರ್ 21ರಂದು ತೆಗೆದು, ಸೋಂಕು ಮತ್ತೆ ಏರಿದಾಗ 1919ರ ಜನವರಿಯಲ್ಲಿ ಮತ್ತೆ ಹೇರಿತು. ಮೊದಲ ಆದೇಶದ ದಿನಗಳಲ್ಲಿ ಬಾಕ್ಸಿಂಗ್ ಪಂದ್ಯದಲ್ಲಿ ಮಾಸ್ಕ್ ಇಲ್ಲದೆ ಕೂತಿದ್ದ ಮೇಯರ್ ಜೇಮ್ಸ್ ರಾಲ್ಫ್ ಅವರೇ 50 ಡಾಲರ್ ದಂಡ ತೆತ್ತಿದ್ದರು! ಎರಡನೇ ಸಲದ ಆದೇಶಕ್ಕೆ ಎದುರಾಗಿ ‘ಆ್ಯಂಟಿ ಮಾಸ್ಕ್ ಲೀಗ್’ ಹುಟ್ಟಿತು. ಫೆಬ್ರುವರಿ ಆರಂಭದಲ್ಲಿ ಆದೇಶ ಬಿದ್ದುಹೋಯಿತು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಆಮೇಲೆ ಆದ ಪ್ರಯೋಗ, ಅದನ್ನು ನೆನೆಯುವವರು ಕಡಿಮೆ. ಕ್ಯಾಲಿಫೋರ್ನಿಯಾ ಆರೋಗ್ಯ ಮಂಡಳಿಯ ವಿಲ್ಫ್ರೆಡ್ ಕೆಲಾಗ್ ಗಾಜ್ ಮಾಸ್ಕ್‌ಗಳನ್ನು ಪರೀಕ್ಷಿಸಿ 1920ರಲ್ಲಿ ಫಲಿತಾಂಶ ಪ್ರಕಟಿಸಿದರು. ಪದರ ಕಡಿಮೆಯಾದರೆ ರೋಗಾಣು ಬಟ್ಟೆಯ ಮೂಲಕವೇ ದಾಟುತ್ತದೆ. ಪದರ ಹೆಚ್ಚಿಸಿದರೆ ಉಸಿರಾಟ ಕಷ್ಟವಾಗಿ ಗಾಳಿ ಬಟ್ಟೆಯೊಳಗೆ ಹಾಯುವ ಬದಲು ಅಂಚಿನ ಸಂದಿಗಳಿಂದ ನುಗ್ಗುತ್ತದೆ. ಹಾಗಾಗಿ ಬಟ್ಟೆ ಎಷ್ಟು ದಪ್ಪ ಎಂದಷ್ಟೇ ಕೇಳಿದರೆ ಸಾಲದು, ಅಂಚು ಮುಖಕ್ಕೆ ಕೂತಿದೆಯೇ ಎಂದೂ ನೋಡಬೇಕು.

ಈ ಇಕ್ಕಟ್ಟಿಗೆ ಪರಿಹಾರ ಬಂದದ್ದು ಕಾರ್ಖಾನೆ, ಗಣಿಗಳ ಧೂಳು ತಡೆಯಲು ಮಾಡಿದ ಮಾಸ್ಕ್‌ಗಳಿಂದ. ಎನ್95 ಮಾಸ್ಕ್‌ನ ಸೋಸುವ ಪದರ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಅತಿ ಸಣ್ಣ ಎಳೆಗಳದ್ದು. ಅವಕ್ಕೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ. ಎಳೆಗಳ ನಡುವೆ ಸಾಕಷ್ಟು ಜಾಗವಿದ್ದು ಉಸಿರು ಸರಾಗವಾಗಿ ಆಡುತ್ತದೆ, ಕಣಗಳು ಮಾತ್ರ ಎಳೆಗೆ ಸೆಳೆಯಲ್ಪಟ್ಟು ಅಂಟುತ್ತವೆ. ಅಮೆರಿಕ 1995ರಲ್ಲಿ ತಂದ ಮಾನದಂಡದ ಪ್ರಕಾರ, ಹಿಡಿಯಲು ಅತಿ ಕಷ್ಟವಾದ ಸುಮಾರು 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳಲ್ಲೂ ಕನಿಷ್ಠ ಶೇ 95ರಷ್ಟನ್ನು ಅದು ತಡೆಯಬೇಕು. ಸೋಪು ಅಥವಾ ಸ್ಪಿರಿಟ್ ತಾಗಿದರೆ ವಿದ್ಯುತ್ ಗುಣ ಹೋಗುತ್ತದೆ. ಎನ್95 ಒಗೆದು ಒಣಹಾಕಿದವರ ಬಳಿ ಉಳಿದದ್ದು ದುಬಾರಿ ಕರ್ಚೀಫು.

2020ರಲ್ಲಿ ಇದೆಲ್ಲ ಗೊತ್ತಿದ್ದೂ ಸಂದೇಶ ಹದಗೆಟ್ಟಿತು. ಆಸ್ಪತ್ರೆಗಳಿಗೇ ಮಾಸ್ಕ್ ಸಾಲದಿದ್ದಾಗ ಆರೋಗ್ಯಾಧಿಕಾರಿಗಳು ‘ಜನರಿಗೆ ಬೇಕಿಲ್ಲ’ ಎಂದರು. ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಟ್ವೀಟ್ ಮಾಡಿತು. ಏಪ್ರಿಲ್ ಮೊದಲ ವಾರ ಅಮೆರಿಕವೂ ಭಾರತವೂ ಬಟ್ಟೆಯ ಮಾಸ್ಕ್ ಹಾಕಿ ಎಂದವು; ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ ಅದನ್ನು ಕಡ್ಡಾಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರದ ಬಟ್ಟೆ ಮಾಸ್ಕ್‌ಗೆ ಬಂದದ್ದು ಜೂನ್ 5ಕ್ಕೆ. ಜುಲೈನಲ್ಲಿ 239 ವಿಜ್ಞಾನಿಗಳು ಸೋಂಕು ಗಾಳಿಯಲ್ಲಿ ತೇಲುತ್ತದೆ ಎಂದು ಬಹಿರಂಗ ಪತ್ರ ಬರೆದರು. ಅದೇ ತಿಂಗಳು ಕೇಂದ್ರ ಆರೋಗ್ಯ ಇಲಾಖೆ ವಾಲ್ವ್ ಇರುವ ಎನ್95 ಬೇಡ ಎಂದಿತು: ಒಳಗೆ ಬರುವ ಗಾಳಿಯನ್ನು ಮಾಸ್ಕ್ ಸೋಸುತ್ತದೆ, ಹೊರಹೋಗುವುದನ್ನು ವಾಲ್ವ್ ಹಾಗೇ ಬಿಡುತ್ತದೆ. ಹಾಕಿಕೊಂಡವರಿಗೆ ಕ್ಷೇಮ, ಪಕ್ಕದವರಿಗಲ್ಲ.

ದಂಡ ಹಾಕುವವರಿಗೆ ಈ ಸೂಕ್ಷ್ಮ ಕಾಣುವುದಿಲ್ಲ. ಮಾರ್ಷಲ್ ನೋಡುವುದು ಮುಖದ ಮೇಲೆ ಬಟ್ಟೆ ಇದೆಯೇ ಎಂದು. ಕರ್ನಾಟಕ 2020ರ ಅಕ್ಟೋಬರ್ ಹೊತ್ತಿಗೆ ನಗರಗಳಲ್ಲಿ ದಂಡವನ್ನು 1,000 ರೂಪಾಯಿಗೆ ಏರಿಸಿ, ಜನ ಸಿಟ್ಟಾದಾಗ 250ಕ್ಕೆ ಇಳಿಸಿತು; ಹಳ್ಳಿಗಳಲ್ಲಿ 500 ಇದ್ದದ್ದು 100 ಆಯಿತು. ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಬೇಕು ಎಂದು ದೆಹಲಿ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿತು. ಕಿಟಕಿ ಮುಚ್ಚಿದ ಹೋಟೆಲಿನಲ್ಲಿ ಊಟದ ನೆಪದಲ್ಲಿ ಮಾಸ್ಕ್ ತೆಗೆದು ಗಂಟೆಗಟ್ಟಲೆ ಹರಟುವುದಕ್ಕೆ ಅಡ್ಡಿಯಿರಲಿಲ್ಲ. ಅಪಾಯ ಯಾವುದರಲ್ಲಿ ಹೆಚ್ಚು ಎಂದು ಜನರಿಗೆ ತಿಳಿಯದೆ ಇರಲಿಲ್ಲ. ನಿಯಮದ ಮೇಲಿನ ನಂಬಿಕೆ ಕಳಚಿದ್ದು ಇಂಥ ಕಡೆ.

ಅಧ್ಯಯನಗಳೂ ಹಳೆಯ ಎರಡು ಪ್ರಶ್ನೆಗಳಲ್ಲೇ ಹಂಚಿಹೋದವು. ಡೆನ್ಮಾರ್ಕ್‌ನಲ್ಲಿ ಸುಮಾರು 6,000 ಜನರಲ್ಲಿ ಅರ್ಧದಷ್ಟು ಮಂದಿಗೆ ಸರ್ಜಿಕಲ್ ಮಾಸ್ಕ್ ಕೊಟ್ಟರು, ಸುತ್ತಲಿನವರು ಹಾಕುತ್ತಿರಲಿಲ್ಲ. ಸೋಂಕು ಶೇ 1.8 ಮತ್ತು 2.1, ನಿರ್ಣಾಯಕ ಅಂತರವಲ್ಲ. ಬಾಂಗ್ಲಾದೇಶದಲ್ಲಿ ಒಬ್ಬೊಬ್ಬರನ್ನಲ್ಲದೆ ಇಡೀ ಹಳ್ಳಿಗಳನ್ನೇ ಘಟಕ ಮಾಡಿ 600 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ಮಾಸ್ಕ್ ಹಂಚಿ ಪ್ರಚಾರ ಮಾಡಿದ ಕಡೆ ಬಳಕೆ ಶೇ 13ರಿಂದ 42ಕ್ಕೆ ಏರಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ರೋಗಲಕ್ಷಣ ಸಹಿತ ಸೋಂಕು ಸುಮಾರು ಶೇ 11ರಷ್ಟು ಇಳಿಯಿತು, 60 ದಾಟಿದವರಲ್ಲಿ ಇನ್ನೂ ಹೆಚ್ಚು. ಒಬ್ಬರೇ ಸಡಿಲ ಮಾಸ್ಕ್ ಹಾಕಿದರೆ ಲಾಭ ಅಲ್ಪ, ಊರೇ ಹಾಕಿದರೆ ಸ್ವಲ್ಪ ಹೆಚ್ಚು: ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಕಾಣುವುದು ಇಷ್ಟೇ.

2023ರ ಡಿಸೆಂಬರ್‌ನಲ್ಲಿ ಜೆಎನ್.1 ತಳಿ ಬಂದಾಗ ಕರ್ನಾಟಕ ಸರ್ಕಾರ 60 ದಾಟಿದವರು, ಹೃದಯ, ಮೂತ್ರಪಿಂಡದಂಥ ಕಾಯಿಲೆ ಇರುವವರು ಮಾಸ್ಕ್ ಹಾಕಬೇಕು ಎಂದಿತು. ಎಲ್ಲರ ಮೇಲಿದ್ದ ಹೊಣೆ ಅಪಾಯ ಇರುವವರ ಹೆಗಲಿಗೆ ಬಂತು. ಹಾಗಾದಾಗ ಬಟ್ಟೆ ಮಾಸ್ಕ್ ಸಾಲದು, ಸರ್ಜಿಕಲ್ ಮಾಸ್ಕಿನ ಕೆನ್ನೆಯ ಸಂದಿಯೂ ದೊಡ್ಡದು. ಬೇಕಾದದ್ದು ಎನ್95 ಅಥವಾ ಅದಕ್ಕೆ ಹತ್ತಿರದ, ಯುರೋಪಿನ ಮಾನದಂಡದ ಎಫ್‌ಎಫ್‌ಪಿ2. ಕೊಳ್ಳುವಾಗ ಐಎಸ್ 9473 ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ನೋಡಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಗೆ ಹಾಕುವ ಎರಡು ಪಟ್ಟಿಯದು ಮೇಲು. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಮೂಗಿನ ತಂತಿಯನ್ನು ಎರಡೂ ಕೈ ಬೆರಳುಗಳಿಂದ ಒತ್ತಬೇಕು. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಸಂದಿ ಉಳಿಯುತ್ತದೆ. ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ: ಕಣ್ಣಿಗೆ ಗಾಳಿ ಬಡಿದರೆ ತಂತಿ ಸರಿಯಿಲ್ಲ, ಕೆನ್ನೆಗೆ ಬಡಿದರೆ ಪಟ್ಟಿ ಸಡಿಲ. ಗಡ್ಡವಿದ್ದರೆ ಅಂಚು ಚರ್ಮಕ್ಕೆ ಕೂರುವುದಿಲ್ಲ.

ಎಲ್ಲ ಕಡೆ ಹಾಕಬೇಕೆಂದಿಲ್ಲ. ಕಿಟಕಿ ತೆರೆಯದ ಎಸಿ ಬಸ್ಸು, ಆಸ್ಪತ್ರೆಯ ಕಾಯುವ ಕೋಣೆ, ಲಿಫ್ಟ್, ಮದುವೆ ಹಾಲ್‌ಗಳಲ್ಲಿ ಉಪಯೋಗ ಹೆಚ್ಚು. ಬಯಲಿನ ವಾಕಿಂಗ್‌ನಲ್ಲಿ ಅತ್ಯಲ್ಪ. ಬಳಸಿದ್ದನ್ನು ಒಗೆಯದೆ ಕಾಗದದ ಚೀಲದಲ್ಲಿಟ್ಟು ಕೆಲವು ದಿನ ಬಿಟ್ಟು ಮತ್ತೆ ಹಾಕಬಹುದು. ಕೊರತೆಯ ದಿನಗಳಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದ ಮಿತಿ ಐದು ಸಲ; ಪಟ್ಟಿ ಹಿಗ್ಗಿದರೆ, ಒದ್ದೆಯಾದರೆ ಅದಕ್ಕೂ ಮೊದಲೇ ಬಿಸಾಡಬೇಕು.