ಭತ್ಯೆ ಬಂದ ಮೇಲೆ ಉತ್ಸಾಹ ಹೋಯಿತು: ತಪ್ಪು ಹಣದ್ದೇ?

ಪ್ರಶ್ನೆ: ಅಪಘಾತದ ನಂತರ ನಮ್ಮಣ್ಣನಿಗೆ ಅಂಗವೈಕಲ್ಯ ಭತ್ಯೆ ಮಂಜೂರಾಗಿ ಎರಡು ವರ್ಷವಾಯಿತು. ಮೊದಮೊದಲು ‘ಏನಾದರೂ ಮಾಡಬೇಕು ಕಣೇ’ ಅನ್ನುತ್ತಿದ್ದ. ಈಗ ಹಾಸಿಗೆ ಬಿಟ್ಟು ಏಳುವುದಕ್ಕೂ ಬೇಸರ. ಕೂತಲ್ಲಿಗೇ ಹಣ ಬರುವುದರಿಂದ ಹೀಗಾಯಿತೇ?

ಉತ್ತರ: ಭತ್ಯೆಗೂ ದುಡಿಮೆಗೂ ನಂಟಿರುವುದು ನಿಜ. ಆದರೆ ಆ ನಂಟು ಎಲ್ಲರಲ್ಲೂ ಒಂದೇ ತರಹ ಇಲ್ಲ. ಅಮೆರಿಕದ ಅಂಗವೈಕಲ್ಯ ವಿಮೆಯ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಧಿಕಾರಿಯ ಕೈಗುಣದ ಮೇಲೆ ಭತ್ಯೆ ಸಿಗಲೂಬಹುದು ತಪ್ಪಲೂಬಹುದು ಎಂಬಂಥ ಗಡಿಯಲ್ಲಿದ್ದ ಅರ್ಜಿದಾರರನ್ನು ಗಮನಿಸಿತು. ಭತ್ಯೆ ಸಿಗದೇ ಹೋಗಿದ್ದರೆ ಎರಡು ವರ್ಷದ ನಂತರ ಅವರಲ್ಲಿ ನೂರಕ್ಕೆ 28 ಮಂದಿ ಹೆಚ್ಚುವರಿಯಾಗಿ ಕೆಲಸದಲ್ಲಿರುತ್ತಿದ್ದರು. ತೊಂದರೆ ಕಡಿಮೆ ಇದ್ದವರಲ್ಲಿ ಈ ವ್ಯತ್ಯಾಸ ದೊಡ್ಡದು, ತೀವ್ರವಾಗಿದ್ದವರಲ್ಲಿ ಇಲ್ಲವೇ ಇಲ್ಲ. ಅದೇ ದೇಶದ ಬೇರೆ ಅಧ್ಯಯನಗಳು ಹೇಳುವ ಮಾತೂ ಇದೆ: ಭತ್ಯೆ ಸಿಕ್ಕ ಮನೆಗಳಲ್ಲಿ ದಿವಾಳಿ ಅರ್ಜಿ, ಸಾಲಕ್ಕೆ ಮನೆ ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಸಾಲಗಾರರ ಕಾಟ ತಪ್ಪಿದರೆ ಮನಸ್ಸಿಗೆ ಎಷ್ಟು ನೆಮ್ಮದಿ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಉತ್ಸಾಹ ಸೋರಿಹೋಗುವುದು ಎಲ್ಲಿ? ನಮ್ಮ ಲೆಕ್ಕದಲ್ಲಿ, ಬರುವ ಹಣಕ್ಕಿಂತ ಅದನ್ನು ಪಡೆಯುವ ಮತ್ತು ಉಳಿಸಿಕೊಳ್ಳುವ ದಾರಿಯಲ್ಲಿ.

ಅರ್ಜಿಯನ್ನೇ ನೋಡಿ. ಎಷ್ಟು ದೂರ ನಡೆಯಬಲ್ಲಿರಿ, ಸ್ನಾನಕ್ಕೆ ಯಾರ ನೆರವು ಬೇಕು, ಅಡುಗೆ ಮಾಡುವಾಗ ಏನಾಗುತ್ತದೆ: ಪ್ರತಿ ಸಾಲಿನಲ್ಲೂ ಕೈಲಾಗದ್ದನ್ನೇ ಬರೆಯಬೇಕು. ಒಳ್ಳೆಯ ದಿನದ ಬಗ್ಗೆ ಬರೆದರೆ ಅರ್ಜಿ ಬಿದ್ದುಹೋಗುವ ಭಯ. ಮಂಜೂರಾದ ಮೇಲೂ ಮರುಪರಿಶೀಲನೆ ಎಂಬ ಕತ್ತಿ ತಲೆಯ ಮೇಲೆ ತೂಗುತ್ತಲೇ ಇರುತ್ತದೆ. ವರ್ಷಗಟ್ಟಲೆ ‘ನನ್ನಿಂದಾಗದು’ ಎಂದು ಸಾಬೀತುಮಾಡುತ್ತಾ ಬಂದವರು ಕೊನೆಗೆ ತಾವೇ ಅದನ್ನು ನಂಬಿಬಿಡುತ್ತಾರೆ. 2010ರಿಂದ 2013ರವರೆಗೆ ಇಂಗ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಫಲಾನುಭವಿಗಳನ್ನು ಮರುಮೌಲ್ಯಮಾಪನಕ್ಕೆ ಒಳಪಡಿಸಲಾಯಿತು. 2015ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಇಂಥ ಪ್ರತಿ 10,000 ಮೌಲ್ಯಮಾಪನಗಳ ಜೊತೆಗೆ ಸುಮಾರು 6 ಹೆಚ್ಚುವರಿ ಆತ್ಮಹತ್ಯೆಗಳು, 2,700 ಹೆಚ್ಚುವರಿ ಮಾನಸಿಕ ತೊಂದರೆಯ ಪ್ರಕರಣಗಳು ಕಂಡುಬಂದವು. ಪ್ರದೇಶವಾರು ಅಂಕಿಗಳಾದ್ದರಿಂದ ಇದೇ ಕಾರಣ ಎಂದು ಖಡಾಖಂಡಿತವಾಗಿ ಹೇಳಲಾಗದು, ಆದರೂ ಕಡೆಗಣಿಸುವಷ್ಟು ಸಣ್ಣ ಸಂಖ್ಯೆಯಲ್ಲ.

ಎರಡನೆಯದು ಆದಾಯದ ಮಿತಿ. ಭತ್ಯೆ ತಿಂಗಳಿಗೆ 100 ಎಂದುಕೊಳ್ಳಿ, ದುಡಿಮೆಯ ಮಿತಿ 60. ಅಣ್ಣ 59 ದುಡಿದರೆ ಕೈಗೆ 159 ಬರುತ್ತದೆ, 65 ದುಡಿದರೆ ಭತ್ಯೆ ಪೂರ್ತಿ ನಿಂತು 65 ಮಾತ್ರ. ಆರು ಹೆಚ್ಚು ದುಡಿದದ್ದಕ್ಕೆ 94 ನಷ್ಟ! ಇಂಥ ಕಡೆ ಕೆಲಸಕ್ಕೆ ಹಿಂಜರಿಯುವವರಿಗೆ ಲೆಕ್ಕ ಬರುತ್ತದೆ ಅನ್ನಬೇಕೇ ಹೊರತು ಸೋಮಾರಿ ಅನ್ನಬಾರದು. ಎಲ್ಲ ಯೋಜನೆಗಳೂ ಹೀಗೆ ಒಮ್ಮೆಲೇ ಕಡಿಯುವುದಿಲ್ಲ. ಅಮೆರಿಕದ ಬಡವರ ಪೂರಕ ಭತ್ಯೆಯಲ್ಲಿ, ಬೇರೆ ಆದಾಯವಿಲ್ಲದಿದ್ದರೆ, ದುಡಿಮೆಯ ಮೊದಲ 85 ಡಾಲರ್ ಲೆಕ್ಕಕ್ಕಿಲ್ಲ, ಉಳಿದದ್ದರ ಅರ್ಧದಷ್ಟು ಮಾತ್ರ ಕಡಿತ. 485 ಡಾಲರ್ ದುಡಿದರೆ ಭತ್ಯೆಯಲ್ಲಿ 200 ಹೋಗುತ್ತದೆ, 285 ಲಾಭವಾಗಿಯೇ ಉಳಿಯುತ್ತದೆ. ಅಲ್ಲಿನ ಅಂಗವೈಕಲ್ಯ ವಿಮೆಯಲ್ಲಿ 60 ತಿಂಗಳ ಅವಧಿಯೊಳಗೆ 9 ತಿಂಗಳು ಎಷ್ಟೇ ದುಡಿದರೂ ಭತ್ಯೆ ಪೂರ್ತಿ ಬರುತ್ತದೆ.

ಆದ್ದರಿಂದ ಕೆಲಸದ ಮಾತೆತ್ತುವ ಮುಂಚೆ ನಿಮ್ಮ ಯೋಜನೆಯ ಕಚೇರಿಗೆ ನಾಲ್ಕು ಪ್ರಶ್ನೆ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಎಷ್ಟು ದುಡಿದರೆ ಎಷ್ಟು ಕಡಿತ? ಪ್ರಯೋಗದ ಅವಧಿ ಇದೆಯೇ? ದುಡಿಮೆ ಶುರುವಾದದ್ದನ್ನು ಎಷ್ಟು ದಿನದೊಳಗೆ ತಿಳಿಸಬೇಕು? ಕೆಲಸ ಕೈಕೊಟ್ಟರೆ ಹೊಸ ಅರ್ಜಿಯಿಲ್ಲದೆ ಭತ್ಯೆ ಮರಳುತ್ತದೆಯೇ? ಕೊನೆಯದೇ ಮುಖ್ಯ, ಭಯ ಅಡಗಿರುವುದು ಅಲ್ಲಿ. ಮೂರನೆಯದನ್ನು ಮರೆತವರಿಗೆ ತಿಂಗಳುಗಳ ನಂತರ ‘ಹೆಚ್ಚು ಪಾವತಿಯಾಗಿದೆ, ವಾಪಸ್ ಕಟ್ಟಿ’ ಎಂಬ ಪತ್ರ ಬರುತ್ತದೆ. ಸಂಬಳದ ಚೀಟಿ, ಕಚೇರಿಗೆ ಕೊಟ್ಟ ಪತ್ರದ ನಕಲು, ಸ್ವೀಕೃತಿ ಒಂದೇ ಫೈಲಿನಲ್ಲಿರಲಿ.

ಇದೆಲ್ಲಕ್ಕೂ ಮೊದಲು, ಅಣ್ಣನಿಗಿರುವುದು ಖಿನ್ನತೆಯೇ ಎಂದು ನೋಡಬೇಕು. ಕೆಲಸ ಬೇಡ ಅನ್ನುವವರಿಗೂ ಹಾಡು, ಕ್ರಿಕೆಟ್, ಗೆಳೆಯರು ಬೇಕಾಗಿರುತ್ತಾರೆ. ಇಷ್ಟದ ಸಂಗತಿಗಳೂ ರುಚಿಸದೆ, ನಿದ್ದೆ ಊಟ ಏರುಪೇರಾಗಿ ಎರಡು ವಾರ ದಾಟಿದ್ದರೆ ವೈದ್ಯರಿಗೆ ತೋರಿಸಿ. ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಒಟ್ಟು 27 ಅಂಕ. 10 ಅಥವಾ ಮೇಲ್ಪಟ್ಟರೆ ವಿವರವಾದ ಪರೀಕ್ಷೆ ಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಮೊತ್ತ ನೋಡುತ್ತಾ ಕೂರದೆ ಆ ದಿನವೇ ವೈದ್ಯರ ಬಳಿ ಹೋಗಿ. ತಲೆಗೆ ಪೆಟ್ಟು ಬಿದ್ದಿದ್ದರೆ ಅದನ್ನೂ ಹೇಳಿ, ಮಿದುಳಿನ ಗಾಯದಿಂದಲೇ ನಿರಾಸಕ್ತಿ ಬರುವುದುಂಟು. ನೋವು ಮತ್ತು ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳೂ ಮಂಪರು ತರಿಸುತ್ತವೆ. ಮಾತ್ರೆಗಳ ಪಟ್ಟಿ ಒಯ್ಯಿರಿ, ಆದರೆ ತಾವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಚಿಕ್ಕದು. ‘ಮನಸ್ಸು ಬಂದಾಗ ಮಾಡುತ್ತೇನೆ’ ಎಂಬುದನ್ನು ತಿರುಗಿಸಬೇಕು: ಮೊದಲು ಕೆಲಸ, ಆಮೇಲೆ ಮನಸ್ಸು. ದಿನಕ್ಕೆ ಹತ್ತು ನಿಮಿಷದ ಒಂದೇ ಕೆಲಸ, ಗಂಟೆ ನಿಗದಿ, ಆರಿಸುವುದು ಅಣ್ಣನೇ. ಗಿಡಕ್ಕೆ ನೀರು, ಅಂಗಡಿಯ ಲೆಕ್ಕ, ಪಕ್ಕದ ಮನೆಯ ಹುಡುಗನಿಗೆ ಗಣಿತ, ಏನಾದರೂ ಸರಿ. ಮಾಡುವ ಮುಂಚೆ, ಮಾಡಿದ ಮೇಲೆ ಮನಸ್ಸಿನ ಸ್ಥಿತಿಗೆ 10ಕ್ಕೆ ಎಷ್ಟು ಅಂಕ ಎಂದು ಬರೆದಿಡಲಿ. ಸಾಮಾನ್ಯವಾಗಿ ಎಡವಟ್ಟಾಗುವುದು ಒಳ್ಳೆಯ ದಿನ: ಹುಮ್ಮಸ್ಸಿನಲ್ಲಿ ಮೂರು ಗಂಟೆ ದುಡಿದು ಮುಂದಿನ ಮೂರು ದಿನ ಮಲಗುತ್ತಾರೆ, ‘ನೋಡಿದೆಯಾ, ಆಗಲ್ಲ’ ಅನ್ನುತ್ತಾರೆ. ಅಂಥ ದಿನವೂ ಹತ್ತೇ ನಿಮಿಷಕ್ಕೆ ನಿಲ್ಲಿಸಿ. ವಾರ ಪೂರ್ತಿ ತಪ್ಪದೆ ನಡೆದರೆ ಹದಿನೈದಕ್ಕೆ ಏರಿಸಬಹುದು.