ಹಳೇ ಸ್ಕೂಟರಿಗೆ ಹಿಂದೆ ಅಗಲದ ಟೈರು ಹಾಕಬಹುದಾ?

ಓದುಗರ ಪ್ರಶ್ನೆ: ನನ್ನ ಹತ್ತಿರ ಹಳೇ ವೆಸ್ಪಾ ಪಿಎಕ್ಸ್ ಇದೆ. ಎರಡೂ ಚಕ್ರಕ್ಕೆ 3.50-10 ಟೈರು. ಹಿಂದಿನಿಂದ ನೋಡಿದರೆ ಮೈ ದಪ್ಪ, ಕಾಲು ಮಾತ್ರ ಬಡಕಲು ಅನ್ನಿಸುತ್ತದೆ. ಹಿಂದೆ ಸ್ವಲ್ಪ ಅಗಲದ ಟೈರು ಹಾಕಿದರೆ ನೋಡಲಿಕ್ಕೂ ಚಂದ, ಗ್ರಿಪ್ಪೂ ಜಾಸ್ತಿ ಸಿಗುತ್ತೆ ಅಲ್ವಾ? ಎಷ್ಟು ಅಗಲದವರೆಗೆ ಹೋಗಬಹುದು?

ಉತ್ತರ: ನೋಡಲಿಕ್ಕೆ ಚಂದ, ಒಪ್ಪಿದೆ. ಗ್ರಿಪ್ಪಿನ ಮಾತು ಆಮೇಲೆ ಆಡೋಣ, ಅದರಲ್ಲಿ ಸ್ವಲ್ಪ ತಕರಾರಿದೆ. ಎಷ್ಟು ಅಗಲ ಅಂದರೆ, ನಿಮ್ಮ ಗಾಡಿಗೆ 100/90-10ರವರೆಗೆ ಹೋಗಬಹುದು. ಅದೂ ಜಾಗ ಅಳೆದು ನೋಡಿದ ಮೇಲೆ. ಅದಕ್ಕಿಂತ ಮೇಲೆ ಹೋದರೆ ರಿಮ್ಮು, ಸ್ಟಡ್ಡು (ಚಕ್ರದ ನಟ್ಟು ಕೂರುವ ಬೋಲ್ಟು), ಕೆಲವೊಮ್ಮೆ ಇಂಜಿನ್ನಿಗೂ ಕೈ ಹಾಕಬೇಕಾಗುತ್ತದೆ.

ಮೊದಲು ಟೈರಿನ ಮೇಲಿನ ಅಂಕಿ ಓದೋಣ. ಹಳೇ ಲೆಕ್ಕದಲ್ಲಿ 3.50-10 ಅಂದರೆ ಅಗಲ ಮೂರೂವರೆ ಇಂಚು, ರಿಮ್ಮಿನ ಅಳತೆ 10 ಇಂಚು. ಎತ್ತರದ ಅಂಕಿ ಅದರಲ್ಲಿ ಇರುವುದಿಲ್ಲ, ಯಾಕಂದರೆ ಇಂಥ ಟೈರಿನ ಎತ್ತರ ಹೆಚ್ಚುಕಮ್ಮಿ ಅಗಲದಷ್ಟೇ. ಮೂರೂವರೆ ಇಂಚು ಅಂದರೆ ಸುಮಾರು 89 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 178. ಅದಕ್ಕೆ ರಿಮ್ಮಿನ 254 ಕೂಡಿಸಿ. ಒಟ್ಟು ಚಕ್ರದ ವ್ಯಾಸ 432 ಮಿ.ಮೀ.

ಈಗ ಹೊಸ ಲೆಕ್ಕದ 100/90-10 ನೋಡಿ. ಅಗಲ 100 ಮಿ.ಮೀ., ಎತ್ತರ ಅದರ ಶೇಕಡಾ 90, ಅಂದರೆ 90 ಮಿ.ಮೀ. ಎರಡು ಸಲ 90, ಜೊತೆಗೆ 254, ಒಟ್ಟು 434. ಅಗಲ 11 ಮಿ.ಮೀ. ಜಾಸ್ತಿ ಆಯಿತು, ವ್ಯಾಸ ಬರೀ 2 ಮಿ.ಮೀ. ಆದ್ದರಿಂದಲೇ ಈ ಅಳತೆ ಹಳೇ ಸ್ಕೂಟರಿನವರಿಗೆ ಇಷ್ಟ. ಗೇರಿನ ಲೆಕ್ಕ ಕೆಡುವುದಿಲ್ಲ, ಸ್ಟ್ಯಾಂಡ್ ಹಾಕಿದಾಗ ಗಾಡಿ ವಾಲುವುದಿಲ್ಲ.

ಅದೇ 100/80-10 ತಂದಿರೋ, ಅಗಲ ಅಷ್ಟೇ, ಆದರೆ ವ್ಯಾಸ 414ಕ್ಕೆ ಇಳಿಯಿತು. ನಿಮ್ಮ ಹಳೇ ಟೈರಿಗಿಂತ 18 ಮಿ.ಮೀ. ಗಿಡ್ಡ. ಗಾಡಿ ಚುರುಕಾಗಿ ಎದ್ದೇಳುತ್ತದೆ, ಆದರೆ ಅದೇ ವೇಗಕ್ಕೆ ಇಂಜಿನ್ ಶೇಕಡಾ 4ರಷ್ಟು ಜಾಸ್ತಿ ತಿರುಗಬೇಕು. 8 ಇಂಚಿನ ಚಕ್ರದ ಹಳೇ ಗಾಡಿಯವರಿಗೆ ಇದರ ಉಲ್ಟಾ ಅನುಭವ ಆಗುತ್ತದೆ. 3.50-8 ತೆಗೆದು 4.00-8 ಹಾಕಿದರೆ ವ್ಯಾಸ 381ರಿಂದ 406ಕ್ಕೆ ಏರುತ್ತದೆ. ಏರು ಹತ್ತುವಾಗ ಟಾಪ್ ಗೇರಿನಲ್ಲಿ ಗಾಡಿ ಉಸಿರು ಕಟ್ಟಿದ ಹಾಗೆ ಆಡುತ್ತದೆ. ಇನ್ನು ವೆಸ್ಪಾದ ಮೀಟರ್ ಕೇಬಲ್ ಬರುವುದು ಮುಂದಿನ ಚಕ್ರದಿಂದ. ಹಾಗಾಗಿ ಹಿಂದೆ ಏನೇ ಹಾಕಿದರೂ ಮೀಟರ್ ತೋರಿಸುವುದು ಬದಲಾಗುವುದಿಲ್ಲ.

ಸರಿ, ವ್ಯಾಸ ಹೊಂದಿತು. ಮುಂದಿನದು ರಿಮ್ಮು. ಇದನ್ನು ಯಾರೂ ಕೇಳುವುದೇ ಇಲ್ಲ. ಹಳೇ ಸ್ಕೂಟರಿನ ಎರಡು ಹೋಳಿನ ಕಬ್ಬಿಣದ ರಿಮ್ಮು ಸಾಮಾನ್ಯವಾಗಿ 2.10 ಇಂಚು ಅಗಲ. ಮೂರೂವರೆ ಇಂಚಿನ ಟೈರಿಗೆ ಅದು ಸರಿಯಾದ ಜೋಡಿ. 100 ಮಿ.ಮೀ. ಟೈರಿಗೇ ಅದು ಕೊಂಚ ಬಿಗಿ. ಅದಕ್ಕಿಂತ ಅಗಲದ ಟೈರು ಹಾಕಿದರೆ ಏನಾಗುತ್ತದೆ? ಬಾಯಿ ಚಿಕ್ಕದಾದ ಚೀಲಕ್ಕೆ ದಾರ ಬಿಗಿದ ಹಾಗೆ. ಬುಡದಲ್ಲಿ ಎರಡು ಕಡೆಯಿಂದಲೂ ಒತ್ತಿ, ಮೇಲಿನ ಭಾಗ ದುಂಡಗೆ ಉಬ್ಬುತ್ತದೆ. ನೆಲಕ್ಕೆ ತಾಗುವುದು ನಡುವಿನ ಒಂದು ಪಟ್ಟಿ ಮಾತ್ರ. ನೀವು ದುಡ್ಡು ಕೊಟ್ಟು ತಂದ ಅಗಲ ಎರಡು ಅಂಚಿನಲ್ಲಿ ಹೊಸದಾಗಿಯೇ ಉಳಿಯುತ್ತದೆ, ನಡು ಮಾತ್ರ ಬೇಗ ಸವೆಯುತ್ತದೆ. ಟೈರಿನ ಮೇಲೆ ಬರೆದ ಅಗಲವೂ ಪೂರ್ತಿ ಸಿಗುವುದಿಲ್ಲ, ಯಾಕಂದರೆ ಆ ಅಂಕಿ ಸರಿಯಾದ ಅಗಲದ ರಿಮ್ಮಿನ ಮೇಲೆ ಕೂರಿಸಿ ಅಳೆದದ್ದು. 130/70-10ರಂಥ ದಪ್ಪ ಟೈರು ಬೇಕೇ ಬೇಕು ಅನ್ನುವವರು ಮೂರು ಇಂಚಿಗಿಂತ ಅಗಲದ ರಿಮ್ಮು ಹುಡುಕಬೇಕು. ಆ ದಾರಿ ಬೇರೆಯೇ, ಖರ್ಚೂ ಬೇರೆ.

ಈಗ ನಿಜವಾದ ಜಗಳದ ಜಾಗಕ್ಕೆ ಬರೋಣ. ಬೈಕಿನಲ್ಲಿ ಹಿಂದಿನ ಚಕ್ರ ಎರಡು ತೋಳಿನ ನಡುವೆ ಇರುತ್ತದೆ. ವೆಸ್ಪಾದಲ್ಲಿ ಚಕ್ರವನ್ನು ಒಂದೇ ಪಕ್ಕದಿಂದ ಹಿಡಿದಿರುತ್ತಾರೆ. 1946ರಲ್ಲಿ ಇದನ್ನು ರೂಪಿಸಿದ ಕೊರಾದಿನೊ ದ'ಅಸ್ಕಾನಿಯೊ ವಿಮಾನದ ಇಂಜಿನಿಯರ್. ಕಾರಿನ ಚಕ್ರದ ಹಾಗೆ ನಾಲ್ಕೈದು ನಟ್ಟು ಬಿಚ್ಚಿದರೆ ಚಕ್ರ ಕೈಗೆ ಬರಬೇಕು ಅನ್ನುವುದು ಲೆಕ್ಕ. ತುಂಬಾ ಅನುಕೂಲ, ಆದರೆ ಚಕ್ರದ ಒಳಪಕ್ಕಕ್ಕೆ ಅಂಟಿಕೊಂಡ ಹಾಗೆ ಇಂಜಿನ್ ಕೇಸು ಇದೆ. ಲ್ಯಾಂಬ್ರೆಟಾ ಸ್ಕೂಟರಿನಲ್ಲಾದರೆ ಚೈನ್ ಕೇಸು. ಟೈರು ಅಗಲ ಆದಷ್ಟೂ ಅದರ ಅರ್ಧ ಒಳಗಡೆಗೆ, ಅಂದರೆ ಈ ಕೇಸಿನ ಕಡೆಗೆ ಬೆಳೆಯುತ್ತದೆ. 100/90 ಹಾಕಿದರೆ ಒಳಗಡೆ ಐದಾರು ಮಿ.ಮೀ. ಜಾಗ ಹೋಯಿತು ಅಂತ ಲೆಕ್ಕ. ಕೆಲವು ಗಾಡಿಯಲ್ಲಿ ಇರುವುದೇ ಅಷ್ಟು!

ನಾನೇ ಒಮ್ಮೆ ಮೋಸ ಹೋಗಿದ್ದೆ. ಅಗಲದ ಟೈರು ಹಾಕಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೈಯಲ್ಲಿ ತಿರುಗಿಸಿ ನೋಡಿದೆ. ಎಲ್ಲೂ ತಾಗಲಿಲ್ಲ. ಒಬ್ಬನೇ ಎರಡು ಸುತ್ತು ಹೋಗಿ ಬಂದೆ, ಏನೂ ಇಲ್ಲ. ವಾರ ಕಳೆದು ಹಿಂದೆ ಒಬ್ಬರನ್ನು ಕೂರಿಸಿಕೊಂಡು ತಿರುವಿನಲ್ಲಿ ವಾಲಿಸಿದಾಗ 'ಸುರ್ರ್' ಅಂತ ಸದ್ದು, ಜೊತೆಗೆ ರಬ್ಬರ್ ಸುಟ್ಟ ವಾಸನೆ. ಚಕ್ರ ಬಿಚ್ಚಿದರೆ ಕೇಸಿನ ಮೇಲೆ ಹಳೇ ಎಣ್ಣೆ, ಮಣ್ಣಿನ ನಡುವೆ ಅರ್ಧಚಂದ್ರದ ಆಕಾರದಲ್ಲಿ ಅಲ್ಯೂಮಿನಿಯಂ ಫಳಫಳ ಹೊಳೆಯುತ್ತಿತ್ತು. ಸುತ್ತಲೂ ಕಾಡಿಗೆಯಂಥ ಕರಿ ಪುಡಿ. ಟೈರಿನ ಪಕ್ಕದಲ್ಲಿ ಬೆರಳು ಆಡಿಸಿದರೆ ಒಂದು ಗೆರೆ ತಗ್ಗು ಸಿಕ್ಕಿತು. ತಪ್ಪು ಟೈರಿನದಷ್ಟೇ ಅಲ್ಲ. ಇಂಜಿನ್ ಕೂರುವ ರಬ್ಬರ್ ಬುಷ್ ಸವೆದು ಹೋಗಿತ್ತು. ಭಾರ ಬಿದ್ದಾಗ ಇಂಜಿನ್ ಚಕ್ರದ ಸಮೇತ ವಾಲುತ್ತಿತ್ತು, ಟೈರೂ ಒತ್ತಿಕೊಂಡು ಪಕ್ಕಕ್ಕೆ ಉಬ್ಬುತ್ತಿತ್ತು. ಸ್ಟ್ಯಾಂಡಿನ ಮೇಲೆ ಸುಮ್ಮನೆ ತಿರುಗಿಸಿದರೆ ಇದು ಯಾವುದೂ ಗೊತ್ತಾಗುವುದಿಲ್ಲ.

ಆಮೇಲಿಂದ ನಾನು ಮಾಡುವ ಪರೀಕ್ಷೆ ಹೀಗೆ. ಟೈರಿಗೆ ಪೂರ್ತಿ ಗಾಳಿ ತುಂಬಿ ಒಂದು ರಾತ್ರಿ ಬಿಡುತ್ತೇನೆ, ಹೊಸ ಟೈರು ಗಾಳಿ ತುಂಬಿದ ಮೇಲೆ ಸ್ವಲ್ಪ ಹಿಗ್ಗುತ್ತದೆ. ಬೆಳಿಗ್ಗೆ ಕೇಸಿನ ಮೇಲೆ, ಮೇಲಿನ ಗೂಡಿನ ಒಳಗೆ, ಸೈಲೆನ್ಸರಿನ ಹತ್ತಿರ, ತಾಗಬಹುದಾದ ಜಾಗಕ್ಕೆಲ್ಲ ಸೀಮೆಸುಣ್ಣ ದಪ್ಪಗೆ ಬಳಿಯುತ್ತೇನೆ. ಇಬ್ಬರು ಕೂತು, ಉಬ್ಬು ತಗ್ಗು ಇರುವ ದಾರಿಯಲ್ಲಿ ನಿಧಾನಕ್ಕೆ ಒಂದು ಸುತ್ತು. ವಾಪಸ್ ಬಂದು ಚಕ್ರ ಬಿಚ್ಚಿ ನೋಡಿದರೆ, ತಾಗಿದ ಕಡೆ ಸುಣ್ಣ ಅಳಿಸಿರುತ್ತದೆ. ಅಳಿಸದಿದ್ದರೂ ಇಷ್ಟಕ್ಕೇ ಬಿಡುವುದಿಲ್ಲ. ಭಾರ ಹಾಕಿದಾಗಲೂ 5 ಮಿ.ಮೀ. ಜಾಗ ಉಳಿಯಬೇಕು. ಅಷ್ಟು ದಪ್ಪದ ರಟ್ಟೋ ಮರದ ಪಟ್ಟಿಯೋ ಸಲೀಸಾಗಿ ನಡುವೆ ಹೋಗಬೇಕು.

ಜಾಗ ಸಾಲದೇ ಹೋದರೆ ಯಾರಾದರೂ ಸ್ಪೇಸರ್ ಹಾಕಿ ಅನ್ನುತ್ತಾರೆ. ಬ್ರೇಕ್ ಡ್ರಮ್ಮಿಗೂ ರಿಮ್ಮಿಗೂ ನಡುವೆ ಒಂದು ಬಿಲ್ಲೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವುದು. ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಬಿಲ್ಲೆ ಎಷ್ಟು ದಪ್ಪವೋ ಸ್ಟಡ್ಡಿನ ಅಷ್ಟು ಮರೆ (ನಟ್ಟು ತಿರುಗಿ ಕೂರುವ ಸುರುಳಿ ಗೆರೆ) ನಟ್ಟಿಗೆ ಸಿಗದೇ ಹೋಗುತ್ತದೆ. ನಟ್ಟು ತನ್ನ ಪೂರ್ತಿ ದಪ್ಪಕ್ಕೂ ಮರೆ ಕಚ್ಚಿರಬೇಕು, ಇಲ್ಲದಿದ್ದರೆ ಉದ್ದದ ಸ್ಟಡ್ಡು ಹಾಕಿಸಲೇಬೇಕು. ಇನ್ನೊಂದು, ಹಿಂದಿನ ಚಕ್ರ ಮುಂದಿನ ಚಕ್ರದ ಗೆರೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಒಂದೆರಡು ಮಿ.ಮೀ. ಆದರೆ ಗೊತ್ತಾಗಲಿಕ್ಕಿಲ್ಲ. ಜಾಸ್ತಿ ಆದರೆ ಗಾಡಿ ಒಂದು ಕಡೆಗೇ ಎಳೆಯುತ್ತದೆ. ಕೇಸನ್ನೇ ಅರದಿಂದ ಉಜ್ಜುವವರೂ ಇದ್ದಾರೆ. ಹಳೇ ಇಂಜಿನ್ ಕೇಸು ಉಜ್ಜಲಿಕ್ಕೆ ನನಗಂತೂ ಕೈ ಬರುವುದಿಲ್ಲ.

ಗ್ರಿಪ್ಪಿನ ವಿಷಯ ಈಗ. ಅಗಲದ ಟೈರು ಅಂದರೆ ನೆಲಕ್ಕೆ ಜಾಸ್ತಿ ರಬ್ಬರ್ ತಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಹಿಂದಿನ ಚಕ್ರದ ಮೇಲೆ 130 ಕೆಜಿ ಭಾರ ಇದೆ ಅಂದುಕೊಳ್ಳಿ. ಗಾಳಿ 26 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1.8 ಕೆಜಿ ಹೊರುತ್ತದೆ. ಭಾಗಿಸಿದರೆ ಸುಮಾರು 70 ಚದರ ಸೆಂ.ಮೀ. ಬೆರಳು ಬಿಟ್ಟು ಬರೀ ಅಂಗೈ ನೆಲಕ್ಕೆ ಒತ್ತಿದಷ್ಟು ಜಾಗ. ಟೈರಿನ ಗೋಡೆಯ ಗಟ್ಟಿತನದಿಂದ ಸ್ವಲ್ಪ ಆಚೆ ಈಚೆ ಆಗುತ್ತದೆ, ಆದರೆ ದೊಡ್ಡ ಲೆಕ್ಕ ಇದೇ. ಟೈರು ಅಗಲ ಮಾಡಿ, ಗಾಳಿ ಅಷ್ಟೇ ಇಟ್ಟರೆ ಆ ಅಂಗೈ ಉದ್ದ ಕಮ್ಮಿ ಆಗಿ ಅಡ್ಡ ಜಾಸ್ತಿ ಆಗುತ್ತದೆ. ಒಟ್ಟು ಜಾಗ ಹೆಚ್ಚುಕಮ್ಮಿ ಅಷ್ಟೇ.

ಹಾಗಿದ್ದರೆ ಹೊಸ ಟೈರು ಹಾಕಿದವರೆಲ್ಲ 'ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತೆ' ಅನ್ನುವುದು ಸುಳ್ಳಾ? ಸುಳ್ಳಲ್ಲ. ಆದರೆ ಅವರು ತೆಗೆದು ಹಾಕಿದ್ದು ಎಂಥ ಟೈರು ಅಂತ ಕೇಳಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಣಗಿ, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟ ಟೈರು. ಹೊಸ ರಬ್ಬರಿನ ಗುಣ ಅಗಲದ ಲೆಕ್ಕಕ್ಕೆ ಜಮಾ ಆಗಿಬಿಡುತ್ತದೆ! ನಿಮ್ಮ ಟೈರಿನ ಗೋಡೆ ಮೇಲೆ ಒಂದು ಸಣ್ಣ ಗೂಡಿನೊಳಗೆ ನಾಲ್ಕು ಅಂಕಿ ಇರುತ್ತದೆ, ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಕಚ್ಚು ಎಷ್ಟೇ ಆಳ ಇರಲಿ, ತೆಗೆದುಬಿಡಿ. ಅದೇ 3.50-10ರಲ್ಲಿ ಒಂದು ಒಳ್ಳೇ ಹೊಸ ಟೈರು ಹಾಕಿ ನೋಡಿದರೆ ಅಗಲದ ಆಸೆ ಅಲ್ಲಿಗೇ ಮುಗಿದರೂ ಮುಗಿಯಬಹುದು.

ಅಗಲದ ಟೈರಿನಿಂದ ನಿಜಕ್ಕೂ ಸಿಗುವ ಲಾಭ ಭಾರ ಹೊರುವ ಶಕ್ತಿ. ಆದರೆ ಅದನ್ನೂ ಅಗಲ ನೋಡಿ ಹೇಳಬಾರದು, ಟೈರಿನ ಮೇಲೆ ಬರೆದ ಭಾರದ ಅಂಕಿ ನೋಡಬೇಕು. 51 ಅಂದರೆ 195 ಕೆಜಿ, 56 ಅಂದರೆ 224 ಕೆಜಿ, 59 ಅಂದರೆ 243 ಕೆಜಿ. 3.50-10ರಲ್ಲೇ 59 ಇರುವ ಗಟ್ಟಿ ಟೈರು ಸಿಗುತ್ತದೆ. ಪಕ್ಕದ ಅಕ್ಷರ ವೇಗದ್ದು. ಜೆ ಅಂದರೆ ಗಂಟೆಗೆ 100 ಕಿ.ಮೀ. ಇದು ಹಳೇ ಸ್ಕೂಟರಿಗೆ ಸಾಕೋ ಸಾಕು.

ಹಾಕಲೇಬೇಕು ಅಂತ ತೀರ್ಮಾನ ಮಾಡಿದ್ದರೆ ಒಂದು ವಿಷಯದಲ್ಲಿ ಮಾತ್ರ ಹುಷಾರು. ಎರಡು ಹೋಳಿನ ರಿಮ್ಮಿನಲ್ಲಿ ಎರಡು ಗುಂಪು ನಟ್ಟು ಇರುತ್ತದೆ. ಒಂದು ಗುಂಪು ಚಕ್ರವನ್ನು ಡ್ರಮ್ಮಿಗೆ ಹಿಡಿದದ್ದು. ಇನ್ನೊಂದು ಎರಡು ಹೋಳನ್ನು ಒಂದಕ್ಕೊಂದು ಹಿಡಿದದ್ದು. ಗಾಳಿ ಇರುವಾಗ ಈ ಎರಡನೇ ಗುಂಪಿಗೆ ಸ್ಪ್ಯಾನರ್ ಹಾಕಲೇಬೇಡಿ. ನಟ್ಟು ಸಡಿಲ ಆದ ಕ್ಷಣ ಹೋಳುಗಳು ಮುಖಕ್ಕೆ ಸಿಡಿಯಬಹುದು. ವಾಲ್ವಿನ ಪಿನ್ನನ್ನೇ ಬಿಚ್ಚಿ, ಗಾಳಿ ಪೂರ್ತಿ ಹೋದ ಮೇಲೆ ಟೈರನ್ನು ಕೈಯಲ್ಲಿ ಅದುಮಿ ನೋಡಿ, ಆಮೇಲೆ ಬಿಚ್ಚಿ. ಜೋಡಿಸುವಾಗ ಟ್ಯೂಬಿಗೆ ಪೌಡರ್ ಹಚ್ಚಿ, ದುಂಡಗೆ ನಿಲ್ಲುವಷ್ಟು ಮಾತ್ರ ಗಾಳಿ ತುಂಬಿ, ಎರಡು ಹೋಳಿನ ಸಂದಿಗೆ ಟ್ಯೂಬು ಸಿಕ್ಕಿಲ್ಲ ಅಂತ ಸುತ್ತ ಒಂದು ಸಲ ನೋಡಿ ನಟ್ಟು ಬಿಗಿಯಿರಿ. ಟ್ಯೂಬಿನ ಮೇಲೆ ಹೊಸ ಟೈರಿನ ಅಳತೆಯೂ ಬರೆದಿರಬೇಕು. ಗಾಳಿ, ಪಿಎಕ್ಸಿಗೆ ಹೇಳಿರುವ ಹಾಗೆ ಮುಂದೆ 18, ಹಿಂದೆ ಒಬ್ಬರಿಗೆ 26, ಇಬ್ಬರಿಗೆ 36 ಪಿಎಸ್‌ಐನಿಂದ ಶುರು ಮಾಡಿ. ಅಳತೆ ಬದಲಿಸಿದರೆ ಇನ್ಶೂರೆನ್ಸ್, ತಪಾಸಣೆಯ ನಿಯಮ ಏನು ಹೇಳುತ್ತದೆ ಅಂತ ಒಮ್ಮೆ ಕೇಳಿಬಿಡಿ.

ಕೊನೆಗೆ ಸ್ಟೆಪ್ನಿ. ಈ ಸ್ಕೂಟರಿನಲ್ಲಿ ಮುಂದಿನದು, ಹಿಂದಿನದು, ಸ್ಟೆಪ್ನಿ, ಮೂರೂ ಚಕ್ರ ಒಂದೇ. ಯಾವುದು ಪಂಕ್ಚರ್ ಆದರೂ ಹತ್ತು ನಿಮಿಷದಲ್ಲಿ ಬದಲಿಸಿ ಹೊರಡಬಹುದು. ಹಿಂದೆ 100/90 ಹಾಕಿದ ಮೇಲೂ ಸ್ಟೆಪ್ನಿಗೆ 3.50-10 ಟೈರನ್ನೇ ಇಡಿ. ವ್ಯಾಸದಲ್ಲಿ ಬರೀ 2 ಮಿ.ಮೀ. ವ್ಯತ್ಯಾಸ, ಹಿಂದಕ್ಕೆ ಹಾಕಿದರೂ ಮನೆ ಸೇರಬಹುದು, ಮುಂದಕ್ಕಂತೂ ಅದೇ ಬೇಕು. ಅಗಲದ ಟೈರನ್ನು ಸ್ಟೆಪ್ನಿ ಮಾಡುವ ಆಸೆ ಇದ್ದರೆ, ಮೊದಲು ಅದನ್ನು ಎಡಗಡೆ ಡಬ್ಬಿಯೊಳಗೆ ಕೂರಿಸಿ ಮುಚ್ಚಳ ಹಾಕಿ ನೋಡಿ. ಚಿಲಕ ಬೀಳುತ್ತಾ?